ಸಂಧ್ಯಾ ಸುರಕ್ಷಾ ಪಿಂಚಣಿ: ದುಡ್ಡು ಬರುತ್ತೆ, ಆಯಾ ಬರೋದಿಲ್ಲ

ನಮ್ಮತ್ತೆಗೆ ಸಂಧ್ಯಾ ಸುರಕ್ಷಾ, ಅಂದರೆ ರಾಜ್ಯ ಸರ್ಕಾರ ಹಿರಿಯರಿಗೆ ಕೊಡುವ ತಿಂಗಳ ಪಿಂಚಣಿ, ಶುರುವಾಗಿ ವರ್ಷದ ಮೇಲಾಯಿತು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ದುಡ್ಡು ಬರುವ ರೀತಿಗೆ ನಾಲ್ಕು ಕೊಡಬಹುದು. ಅದನ್ನು ಗಿಟ್ಟಿಸಿಕೊಳ್ಳುವ ದಾರಿಗೆ ಎರಡೇ.

ಅತ್ತೆಗೆ ಈಗ 76. ಸ್ಟ್ರೋಕ್ ಆದ ಮೇಲೆ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ನಮ್ಮದು ಕಾಮಾಕ್ಷಿಪಾಳ್ಯದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಯಜಮಾನರು ಆಟೊ ಓಡಿಸುತ್ತಾರೆ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಸ್ಪತ್ರೆ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕಳೆಯಿತು. ಅದರಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಗೆ ಕರೆತಂದ ಮೇಲೆ ಎತ್ತಿ ಕೂರಿಸಬೇಕು, ಮೈ ಒರೆಸಬೇಕು, ರಾತ್ರಿ ಎದ್ದು ಮಗ್ಗುಲು ಬದಲಿಸಬೇಕು. ಅದಕ್ಕೂ ಜನ ಬೇಕಲ್ವಾ?

ವಿಜಯನಗರದ ಒಂದು ಏಜೆನ್ಸಿಯಲ್ಲಿ ವಿಚಾರಿಸಿದೆ. ಹಗಲು ರಾತ್ರಿ ಮನೆಯಲ್ಲೇ ಇರುವ ಆಯಾಗೆ ತಿಂಗಳಿಗೆ 26,000 ರೂಪಾಯಿ, ಊಟ ತಿಂಡಿ ನಮ್ಮದೇ. ಸಂಧ್ಯಾ ಸುರಕ್ಷಾದಲ್ಲಿ ಬರುವುದು 1,200. ಆಯಾಗೆ ಒಂದು ದಿನದ ಕೂಲಿ ಕೊಟ್ಟರೆ ಸ್ವಲ್ಪ ಮಿಗುತ್ತೆ, ಎರಡನೇ ದಿನಕ್ಕೆ ಸಾಲೋದಿಲ್ಲ. ಹಾಗಾಗಿ ಆಯಾ ಕೆಲಸ ನನ್ನದೇ. ಪಿಂಚಣಿ ದುಡ್ಡು ಡೈಪರ್‌ಗೆ ಹೋಗುತ್ತೆ. ಪ್ಯಾಕೆಟ್‌ನಲ್ಲಿ ಹತ್ತು ಇರುತ್ತವೆ. ರಾತ್ರಿಗೊಂದು ಅಂದರೂ ತಿಂಗಳಿಗೆ ಮೂರು ಪ್ಯಾಕೆಟ್, ಅಲ್ಲಿಗೆ ಪಿಂಚಣಿ ಮುಗಿಯಿತು.

ಹಾಗಂತ ಅರ್ಜಿ ಹಾಕದೆ ಸುಮ್ನೆ ಇರಬೇಡಿ. ವಯಸ್ಸು 65 ತುಂಬಿರಬೇಕು. ವಿಧವಾ ವೇತನವೋ ಇನ್ಯಾವುದೋ ಪಿಂಚಣಿ ಬರುತ್ತಿದ್ದರೆ ಇದು ಸಿಗೋದಿಲ್ಲ, ಒಬ್ಬರಿಗೆ ಒಂದೇ. ನಮ್ಮತ್ತೆ ವಯಸ್ಸಿನಲ್ಲಿದ್ದಾಗಿನಿಂದ ಮನೆಯಲ್ಲೇ ಊದುಬತ್ತಿ ಹೊಸೆದವರು. ಹಾಗಾಗಿ ಅಸಂಘಟಿತ ಕಾರ್ಮಿಕರು ಅನ್ನೋ ಲೆಕ್ಕಕ್ಕೆ ಬಂದರು. ಆದಾಯ ಪ್ರಮಾಣ ಪತ್ರ ಬೇಕು. ಠೇವಣಿಯನ್ನೂ ನೋಡುತ್ತಾರೆ, 10,000 ರೂಪಾಯಿ ದಾಟಿರಬಾರದು. ಅತ್ತೆಯ ಪಾಸ್‌ಬುಕ್‌ನಲ್ಲಿ ಎಂಟು ಸಾವಿರ ಚಿಲ್ಲರೆ ಇತ್ತು. "ನನ್ನ ಮಣ್ಣು ಮಾಡೋಕೆ ಅಂತ ಇಟ್ಟಿದ್ದೀನಿ ಕಣೇ, ಅದನ್ನೂ ತೋರಿಸಬೇಕಾ?" ಅಂದರು. ತೋರಿಸಲೇಬೇಕಿತ್ತು. ಮಣ್ಣಿನ ದುಡ್ಡಿಗೂ ಮಿತಿ ಇಟ್ಟವರನ್ನು ಏನನ್ನಬೇಕೋ ಗೊತ್ತಿಲ್ಲ.

ನಮಗೆ ತಡವಾಗಿದ್ದು ಹೆಸರಿನಿಂದ. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ರೇಷನ್ ಕಾರ್ಡ್‌ನಲ್ಲಿ ಬರೀ ಲಕ್ಷ್ಮಮ್ಮ. ನಾನು ಹೋದ ಕಚೇರಿಯ ಹೆಸರು ಬೇಡ. ಅಲ್ಲಿನ ಕೌಂಟರ್‌ನವರು ಮೊದಲು ಅಫಿಡವಿಟ್ ತನ್ನಿ ಅಂದರು. ತಂದರೆ, ಇದು ನಡೆಯಲ್ಲ, ರೇಷನ್ ಕಾರ್ಡೇ ತಿದ್ದಿಸಿ ಅಂದರು. ಆಮೇಲೆ "ಅಜ್ಜಿ ಎಲ್ಲಿ? ಅವರೇ ಬರಬೇಕು" ಅಂತ ಇನ್ನೊಂದು. "ಅವರು ನಡೆದು ಬರೋ ಹಾಗಿದ್ದಿದ್ರೆ ನಾನ್ಯಾಕೆ ಹೊಲಿಗೆ ಬಿಟ್ಟು ಇಲ್ಲಿ ನಿಂತಿರ್ತಿದ್ದೆ ಸಾರ್?" ಅಂದೆ. ಹಿಂದೆ ಕ್ಯೂನಲ್ಲಿದ್ದವರು ನಕ್ಕರು, ಅವರು ನಗಲಿಲ್ಲ. ಹೊರಗೆ ಟೀ ಅಂಗಡಿ ಪಕ್ಕ ಒಬ್ಬ "ಮೂರು ಸಾವಿರ ಕೊಡಿ ಅಕ್ಕ, ನಾನು ಮಾಡಿಸಿಕೊಡ್ತೀನಿ" ಅಂತ ಬೆನ್ನು ಹತ್ತಿದ. ಎರಡೂವರೆ ತಿಂಗಳ ಪಿಂಚಣಿ ಅವನಿಗೇ ಹೋಗುತ್ತಿತ್ತು!

ಇದರ ಮಧ್ಯೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎಲ್ಡರ್‌ಲೈನ್, ನಂಬರ್ 14567. ಹಿರಿಯರಿಗಾಗಿ ಇರುವ ಸರ್ಕಾರದ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತೆ. ಫೋನ್ ಎತ್ತಿದ ಹುಡುಗಿ ಕನ್ನಡದಲ್ಲೇ, ಆತುರ ಮಾಡದೆ ಒಂದೊಂದೇ ದಾಖಲೆಯ ಹೆಸರು ಹೇಳಿ ಬರೆಸಿದಳು. ಅದಕ್ಕೆ ಮಾತ್ರ ಐದಕ್ಕೆ ಐದು.

ಮಂಜೂರಾದ ಮೇಲೆ ಖಾತೆ ಪ್ರಶ್ನೆ. ಆಧಾರ್ ಜೋಡಣೆಯಾದ ಖಾತೆ ಬೇಕು. ಅತ್ತೆಯನ್ನು ಬ್ಯಾಂಕಿಗೆ ಹೊತ್ತುಕೊಂಡು ಹೋಗೋಕಾಗುತ್ತಾ? ಅದಕ್ಕೇ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದೆವು. ಪೋಸ್ಟ್‌ಮ್ಯಾನ್ ಮನೆಗೇ ಬಂದರು, ಕೈಯಲ್ಲಿ ಮೊಬೈಲ್, ಬೆರಳಚ್ಚಿನ ಪುಟ್ಟ ಯಂತ್ರ. ಬಲಗೈ ಮುಷ್ಟಿ ಬಿಡಿಸೋಕೇ ಆಗಲಿಲ್ಲ. ಎಡಗೈ ಹೆಬ್ಬೆರಳು ಇಟ್ಟರೆ ಯಂತ್ರ ಕೆಂಪು ದೀಪ ತೋರಿಸಿತು. ಊದುಬತ್ತಿ ಹೊಸೆದು ಹೊಸೆದು ಗೆರೆಗಳೇ ಸವೆದುಹೋಗಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸೆರಗಿನಲ್ಲಿ ಉಜ್ಜಿದೆ. ಅವರು ಬೇಜಾರಾಗದೆ "ಇನ್ನೊಂದು ಬೆರಳು ನೋಡೋಣ ಅಮ್ಮ" ಅನ್ನುತ್ತಲೇ ಇದ್ದರು. ಕೊನೆಗೆ ಉಂಗುರದ ಬೆರಳು ಹಿಡಿಯಿತು. ಈಗ ಪ್ರತಿ ಸಲವೂ ಅದೇ ಬೆರಳು, ಅತ್ತೆ ತಾವೇ ಮುಂದೆ ಚಾಚುತ್ತಾರೆ. ದುಡ್ಡು ಒಂದೊಂದು ಸಲ ತಡವಾಗಿದೆ, ತಪ್ಪಿಲ್ಲ.

ಈಗ ಮನೆಯಲ್ಲಿ ಇನ್ನೊಂದು ಚರ್ಚೆ. ಅಂಗವಿಕಲರ ಪಿಂಚಣಿಗೆ ಬದಲಾಯಿಸಿದರೆ, ನ್ಯೂನತೆ ಶೇ 75ಕ್ಕಿಂತ ಜಾಸ್ತಿ ಅಂತ ಡಾಕ್ಟರ್ ಬರೆದರೆ, 1,400 ಸಿಗುತ್ತೆ. "ಇನ್ನೂರು ರೂಪಾಯಿ ಜಾಸ್ತಿಗೆ ಅಮ್ಮನನ್ನು ಮೆಟ್ಟಿಲು ಇಳಿಸಿ ಹಿಂಸೆ ಕೊಡೋದು ಬೇಡ" ಅಂತಾರೆ ಯಜಮಾನರು. ನನಗೆ ಆ ಇನ್ನೂರಕ್ಕಿಂತ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಅನ್ನೋ ಮಾತೂ ಇದೆ. ಅದು ನಮ್ಮ ಮನೆ ತನಕ ಯಾವಾಗ ಬರುತ್ತೋ. ಬಂದರೆ ಮೊದಲು ಕಾರ್ಡ್ ಎಲ್ಲಿ ಅಂತಲೇ ಕೇಳುತ್ತಾರೆ ಅಲ್ವಾ? ಕೆಳಗಿನ ಮನೆ ಹುಡುಗರಿಗೆ ಹೇಳಿಟ್ಟಿದ್ದೇನೆ, ಕುರ್ಚಿ ಸಮೇತ ಅತ್ತೆಯನ್ನು ಇಳಿಸಿಕೊಡುತ್ತಾರೆ. ಇನ್ನು ಯಜಮಾನರು ಒಂದು ದಿನ ಬಾಡಿಗೆ ಬಿಟ್ಟು ಆಟೊ ತಂದು ಬಾಗಿಲಿಗೆ ನಿಲ್ಲಿಸಬೇಕು, ಅಷ್ಟೇ.