ಫೌಂಡರ್ಸ್ ಆನ್‌ಲೈನ್: ಹಳೆಯ ವರ್ತಕರ ಕಾಗದ ಓದುವವರಿಗೆ ಎಷ್ಟು ಉಪಯೋಗ?

ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ತೆರೆದ ಈ ತಾಣಕ್ಕೆ ಜನ ಬರುವುದು ವಾಷಿಂಗ್ಟನ್, ಜೆಫರ್ಸನ್ ಮುಂತಾದ ರಾಷ್ಟ್ರನಿರ್ಮಾಪಕರ ಕಾಗದಗಳಿಗಾಗಿ. ಆದರೆ ಅಮೆರಿಕದ ಕ್ರಾಂತಿಯ ಕಾಲದಲ್ಲಿ ಯುರೋಪಿನ ಬಂದರುಗಳಲ್ಲಿದ್ದ ವರ್ತಕರ ಸ್ನೇಹ, ಸಾಲಸೋಲ ತಿಳಿಯಲಿಕ್ಕೂ ಇದು ಒಳ್ಳೆಯ ಜಾಗ. ದುಡ್ಡಿಲ್ಲ, ಲಾಗಿನ್ ಇಲ್ಲ.

ಫ್ರಾನ್ಸಿನ ನಾಂತ್ ಬಂದರಿನಿಂದ ಯುದ್ಧದ ಸರಕು ಸಾಗಿಸುತ್ತಿದ್ದ ಜೊನಾಥನ್ ವಿಲಿಯಮ್ಸ್‌ನಿಂದ ಶುರು ಮಾಡಿ. ಈತ ಬೆಂಜಮಿನ್ ಫ್ರಾಂಕ್ಲಿನ್‌ನ ಅಕ್ಕನ ಮೊಮ್ಮಗ. ಹುಡುಕುವ ಪದದ ಜಾಗ ಖಾಲಿ ಬಿಟ್ಟು, ಬರೆದವರು ಮತ್ತು ಪಡೆದವರ ಹೆಸರಷ್ಟೇ ಆರಿಸಿ. ಬಾಸ್ಟನ್ನಿನಲ್ಲಿದ್ದ ಅಪ್ಪನ ಹೆಸರೂ ಜೊನಾಥನ್ ವಿಲಿಯಮ್ಸೇ. ಪಟ್ಟಿಯಲ್ಲಿ 'ಜೂನಿಯರ್' ಎಂಬುದನ್ನು ನೋಡದೆ ಒತ್ತಿದರೆ ಅಪ್ಪನ ಕಾಗದ ಓದುತ್ತ ಕೂರಬೇಕಾಗುತ್ತದೆ. ಪದ ಹಾಕಿ ಹುಡುಕಿದರೆ ಬಹಳಷ್ಟು ಕೈತಪ್ಪುತ್ತದೆ. ಆ ಕಾಲದವರು ಮನಸ್ಸಿಗೆ ಬಂದಂತೆ ಮೊಟಕು ಮಾಡಿ ಬರೆಯುತ್ತಿದ್ದರು, ಸಂಪಾದಕರೂ ಅದನ್ನು ಹೆಚ್ಚಾಗಿ ತಿದ್ದಿಲ್ಲ.

ಓದುವಾಗ ಮೊದಲ ಸಾಲುಗಳಲ್ಲಿ ನಿಲ್ಲಬೇಡಿ. ನಮ್ಮಲ್ಲಿ ಉಭಯಕುಶಲೋಪರಿ ಮೊದಲು, ವಿಷಯ ಆಮೇಲೆ. ಇವರಲ್ಲಿ ಎಷ್ಟೋ ಕಾಗದ ಹುಂಡಿ (ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದ ಚೀಟಿ), ಹಡಗು, ಸರಕಿನಿಂದ ಶುರುವಾಗಿ, ಮನೆಮಂದಿಯ ಸುದ್ದಿ ಕೊನೆಗೆ ಬರುತ್ತದೆ. ಹುಂಡಿಯ ಲೆಕ್ಕದಲ್ಲಿ ಎಚ್ಚರ ಬೇಕು. ದಾರಿಯಲ್ಲಿ ಕಳೆದುಹೋದೀತೆಂಬ, ಬ್ರಿಟಿಷ್ ಹಡಗುಗಳು ಹಿಡಿದಾವೆಂಬ ಭಯಕ್ಕೆ ಒಂದೇ ಹುಂಡಿಯನ್ನು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಬರೆದು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಒಂದಕ್ಕೆ ಹಣ ಸಂದರೆ ಉಳಿದವು ರದ್ದು. ಮೂರನ್ನೂ ಕೂಡಿಸಿದಿರೋ, ಸಾಲ ಮೂರು ಪಟ್ಟಾಗಿ ಕಾಣುತ್ತದೆ! ಕಾಗದಗಳಿಗೂ ಹೀಗೆಯೇ ನಕಲು ಹೋಗುತ್ತಿದ್ದವು. ಉಳಿದಿರುವುದು ಯಾವ ಪ್ರತಿ ಎಂಬುದಕ್ಕೆ ಟಿಪ್ಪಣಿ ನೋಡಿ.

ಆ್ಯಡಮ್ಸ್ ಕುಟುಂಬದ ಭಾಗ ಇನ್ನೂ ಸ್ವಾರಸ್ಯ. ಸ್ಪೇನಿನ ಬಿಲ್ಬಾವೊದ ಗಾರ್ಡೋಕಿ ವರ್ತಕರು, ಆಮ್‌ಸ್ಟರ್‌ಡ್ಯಾಮಿನ ನ್ಯೂಫ್‌ವಿಲ್ ಮಳಿಗೆಯವರು, ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆ್ಯಡಮ್ಸ್‌ನ ಹೆಂಡತಿ ಅಬಿಗೇಲ್‌ಗೆ ಸರಕು ಕಳಿಸುತ್ತಿದ್ದರು. ಆಕೆ ಅದನ್ನು ಮಾರಿಸಿ ಸಂಸಾರ ತೂಗಿಸುತ್ತಿದ್ದಳು. ಜಾನ್ ಆ್ಯಡಮ್ಸ್ ಸಂಪುಟಗಳಲ್ಲಿ ಫ್ರೆಂಚ್ ಕಾಗದಗಳಿಗೆ ಇಂಗ್ಲಿಷ್ ಅನುವಾದವೂ ಸಿಗುತ್ತದೆ. ಫ್ರಾಂಕ್ಲಿನ್ ಭಾಗದಲ್ಲಿ ಫ್ರೆಂಚ್ ಹಾಗೇ ಇರುತ್ತದೆ, ಓದಲು ಬಾರದವರು ಪರದಾಡಬೇಕು.

ದೊಡ್ಡ ಕೊರತೆ ಎರಡು. ಮೂಲ ಹಾಳೆಯ ಚಿತ್ರ ಇಲ್ಲದ್ದರಿಂದ ಕೈಬರಹ, ಮುದ್ರೆ ಕಾಣುವುದಿಲ್ಲ. ಇನ್ನೊಂದು, ಇಲ್ಲಿ ಕಾಗದದ ಒಂದು ತುದಿಯಲ್ಲಿ ಹೆಚ್ಚಾಗಿ ದೊಡ್ಡ ಮನುಷ್ಯನೊಬ್ಬನೋ ಆತನ ಮನೆಯವರೋ ಇರುತ್ತಾರೆ. ವಿಲಿಯಮ್ಸ್ ತನ್ನಂಥ ಇನ್ನೊಬ್ಬ ವರ್ತಕನಿಗೆ ಬರೆದದ್ದು ಇಲ್ಲಿ ಸಿಗುವುದೇ ಅಪರೂಪ. ಹಿರಿಯರೆದುರು ತೋರಿದ ವಿನಯವನ್ನೇ ಆತನ ಸಹಜ ಒಕ್ಕಣೆ ಎಂದುಕೊಳ್ಳಬೇಡಿ.