ಐಂಡ್‌ಹೋವನ್‌ನ ಸೈಕಲ್ ಪಥ: ಜಂಕ್ಷನ್‌ಗೆ ಪೂರ್ತಿ ಅಂಕ, ಫ್ಯಾಟ್‌ಬೈಕ್‌ಗೆ ಬೇಸರ

ನೆದರ್‌ಲ್ಯಾಂಡ್ಸ್‌ನ ಸೈಕಲ್ ಪಥಗಳ ವಿಡಿಯೊ ಬೇಕಾದಷ್ಟು ನೋಡಿರುತ್ತೀರಿ. ಕೆಂಪು ಡಾಂಬರು, ಅಗಲ, ನುಣುಪು, ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ನನಗೆ ಹೇಳಬೇಕಿರುವುದು ಜಂಕ್ಷನ್ ಬಗ್ಗೆ.

ಐಂಡ್‌ಹೋವನ್ ನಗರದಿಂದ ಪಕ್ಕದ ಊರು ವೆಲ್ಡ್‌ಹೋವನ್ ಕಡೆಗೆ ವರ್ಷಗಳಿಂದ ಸೈಕಲ್‌ನಲ್ಲೇ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಸೈಕಲ್. ಗೇರ್ ಇಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್. ಇಂಥ ಸೈಕಲ್‌ನಲ್ಲಿ ನಿಂತು ಮತ್ತೆ ಹೊರಡುವುದೇ ದೊಡ್ಡ ಕೆಲಸ.

ಬೆಂಗಳೂರಿನಲ್ಲಿದ್ದಾಗ, 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಬಂದ ಸೈಕಲ್ ಪಥದಲ್ಲೂ ಓಡಾಡಿದ್ದೇನೆ. ಪಕ್ಕದಲ್ಲಿ ಕಂಬಗಳಿದ್ದಷ್ಟು ದೂರ ನೆಮ್ಮದಿ ಇತ್ತು. ಜಂಕ್ಷನ್ ಬಂತು ಅಂದರೆ ಪಥವೇ ಇರುತ್ತಿರಲಿಲ್ಲ. ಬಸ್ಸು, ಕ್ಯಾಬು, ಆಟೊ ನಡುವೆ ದಾರಿ ನಾವೇ ಮಾಡಿಕೊಳ್ಳಬೇಕಿತ್ತು. ತಿರುಗುವ ಗಾಡಿಗಳ ಭಯ ಜಾಸ್ತಿ ಇರುವುದೇ ಅಲ್ಲಿ ಅಲ್ವಾ?

ಇಲ್ಲಿ ಖರ್ಚು ಮಾಡಿರುವುದೇ ಆ ಜಾಗಕ್ಕೆ. ದೊಡ್ಡ ಜಂಕ್ಷನ್‌ಗಳ ಮೂಲೆಯಲ್ಲಿ ಕಲ್ಲು ಕಟ್ಟಿದ ಪುಟ್ಟ ದ್ವೀಪ ಇರುತ್ತದೆ. ಇಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ, ಬಲಕ್ಕೆ ತಿರುಗುವ ಕಾರು ಅದನ್ನು ಸುತ್ತಿಕೊಂಡೇ ಬರಬೇಕು, ವೇಗ ತಾನಾಗಿ ಇಳಿಯುತ್ತದೆ. ಸೈಕಲ್ ದಾಟುವ ಜಾಗ ಜಂಕ್ಷನ್‌ನಿಂದ ಒಂದು ಕಾರಿನ ಉದ್ದದಷ್ಟು ದೂರ, ಅಡ್ಡರಸ್ತೆಯ ಒಳಗಿರುತ್ತದೆ. ಹಾಗಾಗಿ ಕಾರು ನನ್ನ ಮುಂದೆ ಬರುವ ಹೊತ್ತಿಗೆ ಪೂರ್ತಿ ತಿರುಗಿರುತ್ತದೆ. ಗಾಜಿನಾಚೆ ಡ್ರೈವರ್ ಮುಖ ಕಾಣುತ್ತದೆ, ಅವರಿಗೂ ನಾನು ಕಾಣುತ್ತೇನೆ. ನೆಲದ ಮೇಲೆ ಬಿಳಿ ತ್ರಿಕೋನಗಳ ಸಾಲು ಬರೆದಿರುತ್ತಾರೆ. ಮೊನೆ ಯಾರ ಕಡೆಗಿದೆಯೋ ಅವರು ದಾರಿ ಬಿಡಬೇಕು. ಬಿಡುತ್ತಾರೆ ಕೂಡ!

ಎಷ್ಟೋ ಅಡ್ಡರಸ್ತೆಗಳಲ್ಲಿ ಪಥ ಇದ್ದ ಮಟ್ಟದಲ್ಲೇ ಮುಂದುವರಿಯುತ್ತದೆ, ಕಾರೇ ಉಬ್ಬು ಹತ್ತಿ ಇಳಿಯಬೇಕು. ಸಿಗ್ನಲ್‌ನ ಬಟನ್ ಸೈಕಲ್ ಹ್ಯಾಂಡಲ್ ಪಕ್ಕಕ್ಕೇ ಸಿಗುತ್ತದೆ. ಬೆಳಿಗ್ಗೆ ಗ್ಲೌಸ್ ತೆಗೆಯದೆ, ಸೀಟಿನಿಂದ ಇಳಿಯದೆ ಮೊಣಕೈಯಲ್ಲಿ ಒತ್ತಿ, ಕಂಬಕ್ಕೆ ಒರಗಿ ನಿಲ್ಲುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಆಮೇಲೆ ಹೋವನ್‌ರಿಂಗ್. 2012ರಿಂದ ಓಡಾಟಕ್ಕಿರುವ ಸೈಕಲ್ ಸೇತುವೆ. 70 ಮೀಟರ್ ಎತ್ತರದ ಒಂದೇ ಕಂಬ, 24 ಕೇಬಲ್‌ಗಳು, ಅವುಗಳಿಂದ ತೂಗುಬಿಟ್ಟ 72 ಮೀಟರ್ ಅಗಲದ ಬಳೆ. ಕಾರುಗಳೆಲ್ಲ ಕೆಳಗೆ, ನಾವು ಮೇಲೆ. ಮೊದಮೊದಲು ಗಾಳಿಗೆ ಕೇಬಲ್ ನಡುಗಿ, ಸೇತುವೆ ಮುಚ್ಚಿ ಸರಿ ಮಾಡಿದ್ದರು. ನೋಡಲು ಚೆಂದ ಅಂತ ಎಲ್ಲರೂ ಫೋಟೊ ಹಾಕುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಅದರ ಏರು. ಸೈಕಲ್ ತುಂಬ ಎತ್ತರ ಹತ್ತಬಾರದು ಅಂತ ಕೆಳಗಿನ ಕಾರಿನ ರಸ್ತೆಯನ್ನೇ ಒಂದೂವರೆ ಮೀಟರಿನಷ್ಟು ತಗ್ಗಿಸಿದ್ದಾರೆ. ಎದುರುಗಾಳಿ ಇಲ್ಲದ ದಿನ ನನ್ನ ಗೇರಿಲ್ಲದ ಸೈಕಲ್ ಕೂತೇ ಹತ್ತುತ್ತದೆ.

ಇದೆಲ್ಲ ಸುಮ್ನೆ ಬಂದಿದ್ದಲ್ಲ. 1971ರಲ್ಲಿ ಈ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳನ್ನು ಕೊಲ್ಲುವುದು ನಿಲ್ಲಿಸಿ’ ಅಂತ ತಂದೆತಾಯಂದಿರು ಬೀದಿಗಿಳಿದರು. ಅದು ಗೊತ್ತಾದ ಮೇಲೆ ಆ ಕಲ್ಲಿನ ದ್ವೀಪಗಳ ಮೇಲೆ ನನಗೆ ಗೌರವ ಹೆಚ್ಚಿದೆ.

ಆದರೆ ಈಚೆಗೆ ಬೇಸರ ಶುರುವಾಗಿದೆ. ಕಾರಣ ಫ್ಯಾಟ್‌ಬೈಕ್, ಅಂದರೆ ದಪ್ಪ ಟೈರಿನ ಎಲೆಕ್ಟ್ರಿಕ್ ಸೈಕಲ್. ಮೋಟಾರಿನ ಸಹಾಯ ಗಂಟೆಗೆ 25 ಕಿಲೋಮೀಟರಿಗೆ ನಿಲ್ಲಬೇಕು ಅಂತ ನಿಯಮ ಇದೆ. ಅದನ್ನು ಬದಲಿಸಿಕೊಂಡು ಮೊಪೆಡ್ ಥರ ಓಡಿಸುವ ಹುಡುಗರು ಎಷ್ಟೋ ಜನ. ಸದ್ದೇ ಇಲ್ಲ. ಹಿಂದಿನಿಂದ ಬಂದು ಹ್ಯಾಂಡಲ್ ಸವರಿಕೊಂಡು ಹೋಗುತ್ತವೆ. ನಿಧಾನವಾಗಿ ತುಳಿಯುವ ಅಜ್ಜಿಯರು, ಶಾಲೆಯ ಮಕ್ಕಳು ಎಲ್ಲ ಅದೇ ಪಥದಲ್ಲಿ. ಕಾರಿನಿಂದ ಇಷ್ಟು ಚೆನ್ನಾಗಿ ಕಾಪಾಡಿ, ಪಥದ ಒಳಗೇ ಅಪಾಯ ಬಿಟ್ಟುಕೊಂಡರೆ ಹೇಗೆ? ತಪಾಸಣೆ ಇನ್ನೂ ಬಿಗಿಯಾಗಬೇಕು.

ಹೊಸದಾಗಿ ಬರುವವರು ಸೈಕಲ್‌ಗಿಂತ ಬೀಗಕ್ಕೆ, ಲೈಟಿಗೆ ಹೆಚ್ಚು ದುಡ್ಡಿಡಿ. ರಾತ್ರಿ ಲೈಟ್ ಇಲ್ಲದಿದ್ದರೆ ದಂಡ. ಎಲೆ ಉದುರುವ ಕಾಲದಲ್ಲಿ ಪಥ ಜಾರುತ್ತದೆ, ತಿರುವಿನಲ್ಲಿ ಬ್ರೇಕ್ ಒತ್ತಬೇಡಿ. ನನ್ನ ಮಗಳು ಒಬ್ಬಳೇ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾಳೆ. ದೊಡ್ಡ ಜಂಕ್ಷನ್ ದಾಟಲು ಅವಳನ್ನು ನಿಶ್ಚಿಂತೆಯಿಂದ ಬಿಡುತ್ತೇನೆ. ಫ್ಯಾಟ್‌ಬೈಕ್ ಹುಡುಗರು ಹೆಚ್ಚಿರುವ ನೇರ ದಾರಿ ಮಾತ್ರ ಬೇಡ ಅಂತ ಹೇಳಿ, ಸ್ವಲ್ಪ ಸುತ್ತಾದರೂ ಮನೆಗಳ ನಡುವಿನ ದಾರಿಯಲ್ಲಿ ಕಳಿಸುತ್ತಿದ್ದೇನೆ.