ಮಲೆನಾಡಿನ ತೇವದಲ್ಲಿ ಟಾರ್ಟಾಯ್ಸ್ ಪಾಯಿಂಟ್ ಮೋಟಾರ್: ಹಲವು ಮಳೆಗಾಲಗಳ ಬಳಕೆಯ ನಂತರ

ಮಾದರಿ ರೈಲುಮಾರ್ಗದಲ್ಲಿ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕವಲುಗಳಾದ ಪಾಯಿಂಟ್‌ಗಳನ್ನು ತಿರುಗಿಸಲು ಸರ್ಕಿಟ್ರಾನ್ ಸಂಸ್ಥೆಯ ಟಾರ್ಟಾಯ್ಸ್ ಮೋಟಾರ್‌ಗಳನ್ನು ಸಕಲೇಶಪುರದ ನಮ್ಮ ಮನೆಯಲ್ಲಿ ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಈ ಊರಿನಲ್ಲಿ ಇಂತಹ ಯಂತ್ರದ ನಿಜವಾದ ನಿರ್ವಹಣೆ ಮೋಟಾರಿನದಲ್ಲ, ಅದಕ್ಕೆ ಕೂಡುವ ತಂತಿಯ ಜೋಡಣೆಗಳದು ಎಂಬುದು ನನ್ನ ಅನುಭವದಿಂದ ಬಂದ ಅಭಿಪ್ರಾಯ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಹಳಿಯಲ್ಲಿ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1. ಆ ಹಾದಿಯ ದೋಣಿಗಾಲ್ ನಿಲ್ದಾಣವನ್ನೇ ನಾನು ಮಾದರಿಯಾಗಿ ಕಟ್ಟುತ್ತಿರುವುದರಿಂದ, ಪಾಯಿಂಟ್ ತಿರುಗುವ ರೀತಿಯೂ ನೈಜವಾಗಿರಬೇಕು ಎಂಬ ಆಸೆ ಇತ್ತು. ಸುರುಳಿ ಕಾಂತದ ಸೊಲೆನಾಯ್ಡ್ ಯಂತ್ರಗಳು 'ಟಕ್' ಎಂದು ಹೊಡೆದು ಮುಗಿಸುತ್ತವೆ. ಅವು ಕ್ಷಣಮಾತ್ರಕ್ಕೆ ಹಲವು ಆಂಪಿಯರ್ ಎಳೆಯುತ್ತವೆ, ಒತ್ತುಗುಂಡಿ ಸಿಕ್ಕಿಕೊಂಡು ವಿದ್ಯುತ್ ಹರಿಯುತ್ತಲೇ ಇದ್ದರೆ ಸುರುಳಿ ಸುಟ್ಟುಹೋಗುತ್ತದೆ. ಟಾರ್ಟಾಯ್ಸ್ ಸುಮಾರು 3 ಸೆಕೆಂಡಿನಲ್ಲಿ ನಿಧಾನವಾಗಿ ತಿರುಗಿ, ಕೊನೆ ಮುಟ್ಟಿದ ಮೇಲೂ ವಿದ್ಯುತ್ ಪಡೆಯುತ್ತಲೇ ನಿಂತು ಹಳಿಯ ನಾಲಿಗೆಯನ್ನು (ದಾರಿ ಬದಲಿಸಲು ಅತ್ತಿತ್ತ ಸರಿಯುವ ಚೂಪು ತುದಿಯ ಹಳಿಯನ್ನು) ಒತ್ತಿ ಹಿಡಿದಿರುತ್ತದೆ. ಹೀಗೆ ನಿಂತಾಗಲೂ 12 ವೋಲ್ಟ್‌ನಲ್ಲಿ ಅದು ಬಳಸುವುದು ಸುಮಾರು 16 ಮಿಲಿಆಂಪಿಯರ್ ಮಾತ್ರ. 20 ಮೋಟಾರ್‌ಗಳಿದ್ದರೂ ಒಟ್ಟು 0.32 ಆಂಪಿಯರ್ ಆಗುವುದರಿಂದ 1 ಆಂಪಿಯರಿನ ಒಂದು ಅಡಾಪ್ಟರ್ ಧಾರಾಳವಾಗಿ ಸಾಕು. ಆದರೆ ಅದು ರೆಗ್ಯುಲೇಟೆಡ್ ಆಗಿರಲೇಬೇಕು; ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಮೈಮೇಲೆ 12 ಎಂದು ಬರೆದುಕೊಂಡಿದ್ದರೂ ಹೊರೆ ಕಡಿಮೆ ಇದ್ದಾಗ ಅದಕ್ಕಿಂತ ಸಾಕಷ್ಟು ಹೆಚ್ಚು ವೋಲ್ಟ್ ಕೊಡುತ್ತವೆ.

ವೈರಿಂಗ್ ಸರಳವಾಗಿದೆ. ಮೋಟಾರಿನ ಸರ್ಕಿಟ್ ಹಲಗೆಯ ಅಂಚಿನಲ್ಲಿ ಎಂಟು ಸಂಪರ್ಕಗಳಿದ್ದು, ಎರಡು ತುದಿಗಳಲ್ಲಿರುವ 1 ಮತ್ತು 8 ಮೋಟಾರಿಗೆ ಸೇರಿದವು. ಡಿಪಿಡಿಟಿ (ಎರಡು ತಂತಿಗಳನ್ನು ಒಟ್ಟಿಗೆ ಎರಡು ಬದಿಗೆ ಬದಲಿಸುವ, ಆರು ಕಾಲಿನ) ಟಾಗಲ್ ಸ್ವಿಚ್ಚಿನ ಮಧ್ಯದ ಎರಡು ಕಾಲುಗಳಿಂದ ಈ ಎರಡಕ್ಕೆ ತಂತಿ ಎಳೆದು, ಹೊರಗಿನ ನಾಲ್ಕು ಕಾಲುಗಳನ್ನು ಕತ್ತರಿಯಾಕಾರದಲ್ಲಿ ಒಂದಕ್ಕೊಂದು ಜೋಡಿಸಿ, ಅವುಗಳ ಒಂದು ಬದಿಗೆ 12 ವೋಲ್ಟ್ ಕೊಟ್ಟರೆ, ಸ್ವಿಚ್ ಮಗುಚಿದಾಗ ಧ್ರುವತೆ ಬದಲಾಗಿ ಪಾಯಿಂಟ್ ತಿರುಗುತ್ತದೆ. ನಡುವೆ ಆಫ್ ಇಲ್ಲದ ಸ್ವಿಚ್ಚನ್ನೇ ಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಮ್ಮಂತಹ ಊರುಗಳಲ್ಲಿ ಇದರ ಅನುಕೂಲ ದೊಡ್ಡದು: ಅರ್ಧದಲ್ಲಿ ನಿಂತ ಪಾಯಿಂಟ್ ಕೂಡ ವಿದ್ಯುತ್ ಬಂದೊಡನೆ ಸ್ವಿಚ್ ತೋರಿಸುವ ದಿಕ್ಕಿಗೇ ಹೋಗಿ ನಿಲ್ಲುತ್ತದೆ.

ಫ್ರಾಗ್‌ಗೆ (ಪಾಯಿಂಟಿನಲ್ಲಿ ಎರಡು ಹಾದಿಯ ಹಳಿಗಳು ಒಂದನ್ನೊಂದು ದಾಟುವ ಲೋಹದ ಭಾಗಕ್ಕೆ) ಹೋಗುವ ತಂತಿಯನ್ನು 4ಕ್ಕೂ, ಎರಡು ಹಳಿಗಳ ತಂತಿಗಳನ್ನು 2 ಮತ್ತು 3ಕ್ಕೂ ಸೇರಿಸಿದರೆ ಪಾಯಿಂಟ್‌ನೊಂದಿಗೆ ಫ್ರಾಗ್‌ನ ಧ್ರುವತೆಯೂ ಬದಲಾಗುತ್ತದೆ. ಇಂಜಿನ್ ಫ್ರಾಗ್ ಮುಟ್ಟಿದೊಡನೆ ಶಾರ್ಟ್ ಆದರೆ 2 ಮತ್ತು 3ನ್ನು ಅದಲು ಬದಲು ಮಾಡಿದರಾಯಿತು. 5, 6, 7 ಇನ್ನೊಂದು ಅಂಥದೇ ಸ್ವಿಚ್ಚಾಗಿದ್ದು, ಅದನ್ನು ನಾನು ಸಿಗ್ನಲ್ ದೀಪಗಳಿಗೆ ಬಳಸಿದ್ದೇನೆ. ಇಷ್ಟೆಲ್ಲ ಒಂದೇ ಪೆಟ್ಟಿಗೆಯೊಳಗೆ ದೊರೆಯುವುದರಿಂದ ಇದರ ಬೆಲೆ ನನಗೆ ನ್ಯಾಯವೆನಿಸುತ್ತದೆ.

ಇನ್ನು ತೇವದ ವಿಚಾರ. ಅಂಚಿಗೆ ಸಿಕ್ಕಿಸುವ ಕನೆಕ್ಟರ್‌ಗಳನ್ನು ನಾನು ಬೇರೆಡೆಯಿಂದ ತರಿಸಿದ್ದೆ. ಎರಡನೆಯ ಮಳೆಗಾಲದ ಹೊತ್ತಿಗೆ ಅವುಗಳ ಹಲ್ಲುಗಳು ಮಸುಕಾಗಿ ಫ್ರಾಗ್‌ನಲ್ಲಿ ಇಂಜಿನ್ ತಡವರಿಸತೊಡಗಿತು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಸರಿಹೋಗುತ್ತಿತ್ತು, ಮತ್ತೆ ಮರುಕಳಿಸುತ್ತಿತ್ತು. ಕೊನೆಗೆ ಅವನ್ನು ತೆಗೆದುಹಾಕಿ, ಪ್ರತಿ ಸಂಪರ್ಕಕ್ಕೂ ಗೇಣುದ್ದದ ತಂತಿಯನ್ನು ನೇರವಾಗಿ ಬೆಸೆದು, ಆ ತಂತಿಗಳನ್ನು ಸ್ಕ್ರೂ ಇರುವ ಟರ್ಮಿನಲ್ ಸ್ಟ್ರಿಪ್‌ಗೆ ತಂದಿದ್ದೇನೆ. ಮೋಟಾರನ್ನು ಬಿಚ್ಚಬೇಕಾದಾಗ ಮಾದರಿಯನ್ನು ಕಟ್ಟಿದ ಹಲಗೆಯ ಕೆಳಗೆ ಮಲಗಿ ಬೆಸುಗೆ ಹಾಕುವ ಕಷ್ಟ ಇದರಿಂದ ತಪ್ಪಿತು. ಮಳೆಗಾಲ ಮುಗಿದ ಮೇಲೆ ಆ ಸ್ಕ್ರೂಗಳನ್ನೆಲ್ಲ ಒಮ್ಮೆ ಬಿಗಿ ಮಾಡುವುದೇ ಈಗ ಉಳಿದಿರುವ ಮುಖ್ಯ ಕೆಲಸ. ಮೋಟಾರಿನ ಒಳಗೆ ನಾನು ಎಣ್ಣೆ ಬಿಡುವುದಿಲ್ಲ, ಏಕೆಂದರೆ ಅದು ಹರಡಿ ಒಳಗಿನ ಸಂಪರ್ಕಗಳ ಮೇಲೆ ಕುಳಿತರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ತೇವಕ್ಕೆ ಪ್ಲೈವುಡ್ ಕೊಂಚ ಉಬ್ಬಿದಾಗ ನಾಲಿಗೆ ಹಳಿಗೆ ಪೂರ್ತಿ ತಾಗದೆ ಉಳಿಯಬಹುದು. ಮೋಟಾರಿನ ಮುಂಭಾಗದಲ್ಲಿ ಮೇಲೆ ಕೆಳಗೆ ಸರಿಯುವ ಆನಿಕೆಯ ತುಂಡನ್ನು ಸ್ವಲ್ಪ ಸರಿಸಿದರೆ ಮೋಟಾರಿನಿಂದ ಹಲಗೆಯ ರಂಧ್ರದ ಮೂಲಕ ಮೇಲೆ ಬಂದು ನಾಲಿಗೆಯನ್ನು ತಳ್ಳುವ ಉಕ್ಕಿನ ತಂತಿಯ ಓಲಾಟ ಹೆಚ್ಚು ಕಡಿಮೆಯಾಗುತ್ತದೆ, ಹೆಚ್ಚಿನ ಸಲ ಅಷ್ಟೇ ಸಾಕು. ಹಲಗೆ ದಪ್ಪವಿದ್ದಲ್ಲಿ ಜೊತೆಗೆ ಬರುವ 0.025 ಅಂಗುಲದ ತಂತಿ ಬಾಗಿ ಬಲ ಕಳೆದುಕೊಳ್ಳುವುದರಿಂದ ಅದಕ್ಕಿಂತ ದಪ್ಪನೆಯ ಸ್ಪ್ರಿಂಗ್ ಸ್ಟೀಲ್ ತಂತಿ ಹಾಕುವುದು ಒಳ್ಳೆಯದು. ಬೇಸಿಗೆಯಲ್ಲಿ ತಂತಿ ಓಡಾಡುವ ರಂಧ್ರಕ್ಕೆ ಕುಂಬಾರ ಕಣಜ ಮಣ್ಣು ಮೆತ್ತಿ ಗೂಡು ಕಟ್ಟುವುದೂ ಇಲ್ಲಿ ಸಾಮಾನ್ಯ. ಪಾಯಿಂಟ್ ಅಲುಗದಿದ್ದರೆ ವೈರಿಂಗ್ ಬಿಚ್ಚುವ ಮೊದಲು ರಂಧ್ರವನ್ನು ನೋಡಬೇಕು.

ಕೊರತೆಯೆಂದರೆ ಎತ್ತರ. ಹಲಗೆಯ ಕೆಳಗೆ ಇದಕ್ಕೆ ಮೂರು ಅಂಗುಲಕ್ಕೂ ಹೆಚ್ಚು ಜಾಗ ಬೇಕು. ಒಂದರ ಮೇಲೊಂದು ಹಳಿ ಹಾಯುವ ಘಟ್ಟದ ಮಾದರಿಯಲ್ಲಿ, ಮೇಲಿನ ಪಾಯಿಂಟ್‌ನ ಮೋಟಾರು ಕೆಳಗಿನ ಹಳಿಯ ಗಾಡಿಗಳಿಗೆ ಅಡ್ಡ ಬರುತ್ತದೆ. ಅಂತಹ ಜಾಗಗಳಿಗೆ ಚಿಕ್ಕ ಸರ್ವೋ ಮೋಟಾರನ್ನು ಹಾಕಿ, ಫ್ರಾಗ್‌ಗೆ ಪ್ರತ್ಯೇಕ ಮೈಕ್ರೋಸ್ವಿಚ್ ಕೊಡುವುದೇ ಸರಿಯಾದ ದಾರಿ. ಉಳಿದೆಡೆ ಟಾರ್ಟಾಯ್ಸನ್ನೇ ಮುಂದೆಯೂ ಕೊಳ್ಳುತ್ತೇನೆ.